ದೊಡ್ಡ ರಿವಾಲ್ವರ್ ಕೊಳ್ಳುವ ಮುನ್ನ: ಬೇಟೆಗೂ ಮೈಮೇಲಿಡಲೂ ಒಂದೇ ಸಾಕಾ?

ಅಮೆರಿಕದ ಮೊಂಟಾನಾ, ಐಡಹೋ, ವಯೋಮಿಂಗ್, ಅಲಾಸ್ಕಾ ಕಡೆ ಬೇಟೆ ಶುರು ಮಾಡಿದವರು ಮೊದಲ ದೊಡ್ಡ ರಿವಾಲ್ವರ್ ಕೊಳ್ಳುವಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಜಿಂಕೆ ಹೊಡೆಯಲೂ ಬರಬೇಕು, ಕರಡಿ ಓಡಾಡುವ ಕಾಡಿನಲ್ಲಿ ನಡೆಯುವಾಗ ಮೈಮೇಲೆ ಇಟ್ಟುಕೊಳ್ಳಲೂ ಆಗಬೇಕು, ಯಾವುದು ತಗೊಳ್ಳಲಿ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇವು ಎರಡು ಬೇರೆ ಕೆಲಸಗಳು. ಒಂದಕ್ಕೆ ಉದ್ದ ಬ್ಯಾರೆಲ್, ಭಾರ, ಗುರಿ ನೋಡಲು ಒಳ್ಳೆಯ ಸೈಟ್ ಬೇಕು. ಇನ್ನೊಂದಕ್ಕೆ ಹಗುರ, ಗಿಡ್ಡ, ಥಟ್ಟನೆ ಕೈಗೆ ಬರುವಂಥದ್ದು ಬೇಕು. ಎರಡನ್ನೂ ಒಂದೇ ಲೋಹದ ತುಂಡಿನಿಂದ ಮಾಡಿಸಬೇಕು ಅಂದರೆ ಎಲ್ಲೋ ನಡುವೆ ನಿಲ್ಲಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಬಹಳ ಜನರಿಗೆ ಆ ನಡುವಿನ ಜಾಗ ಅಂದರೆ 4ರಿಂದ 5.5 ಇಂಚಿನ ಬ್ಯಾರೆಲ್ ಇರುವ, ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುವ .44 ಮ್ಯಾಗ್ನಮ್ (ಹೆಸರಿನ ಅಂಕಿ ಅಂದರೆ ಇಂಚಿನಲ್ಲಿ ಗುಂಡಿನ ಅಗಲದ ಅಂದಾಜು, ಮ್ಯಾಗ್ನಮ್ ಅಂದರೆ ಜಾಸ್ತಿ ಶಕ್ತಿಯ ತೋಟಾ). ಅದಕ್ಕಿಂತ ದೊಡ್ಡದು ಬೇಕು ಅನ್ನುವವರು ಬಹಳ. ನಿಜಕ್ಕೂ ಬೇಕಾದವರು ಕಮ್ಮಿ.

ಮೊದಲು ರಿವಾಲ್ವರೇ ಯಾಕೆ ಅಂತ ನೋಡೋಣ. ಪಿಸ್ತೂಲಿನಲ್ಲಿ ತೋಟಾಗಳು ಹಿಡಿಕೆಯ ಒಳಗೆ ಕೂರಬೇಕು. ಹಾಗಾಗಿ ತೋಟಾ ಎಷ್ಟು ಉದ್ದ ಇರಬಹುದು ಅನ್ನುವುದನ್ನು ನಿಮ್ಮ ಅಂಗೈ ತೀರ್ಮಾನಿಸುತ್ತದೆ. ರಿವಾಲ್ವರಿನಲ್ಲಿ ತೋಟಾ ಇರುವುದು ತಿರುಗುವ ಸಿಲಿಂಡರಿನಲ್ಲಿ, ಹಿಡಿಕೆಗೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೇ ಉದ್ದನೆಯ, ಭಾರದ ಗುಂಡಿನ ತೋಟಾಗಳೆಲ್ಲ ರಿವಾಲ್ವರಿಗೇ ಬಂದವು. ಇನ್ನೊಂದು ಅನುಕೂಲವೂ ಇದೆ. ಪಿಸ್ತೂಲು ತನ್ನ ಸ್ಪ್ರಿಂಗಿಗೆ ತಕ್ಕಷ್ಟು ಶಕ್ತಿಯ ತೋಟಾ ಇದ್ದರೆ ಮಾತ್ರ ಸರಿಯಾಗಿ ಓಡುತ್ತದೆ. ರಿವಾಲ್ವರಿಗೆ ಆ ಹಂಗಿಲ್ಲ. ಅಭ್ಯಾಸಕ್ಕೆ ಮೆತ್ತನೆಯದು, ಕಾಡಿಗೆ ಗಟ್ಟಿಯದು, ಎರಡೂ ಅದೇ ಸಿಲಿಂಡರಿನಲ್ಲಿ ಹೋಗುತ್ತವೆ. ಹಾಗಂತ ಪಿಸ್ತೂಲನ್ನು ತಳ್ಳಿಹಾಕುವ ಹಾಗಿಲ್ಲ. ಅಲಾಸ್ಕಾದಲ್ಲಿ ಈಗ 10 ಎಂಎಂ ಪಿಸ್ತೂಲು ಕಟ್ಟಿಕೊಂಡು ಓಡಾಡುವವರು ಬಹಳ ಇದ್ದಾರೆ. ಅಂಥದ್ದೊಂದಾದ ಗ್ಲಾಕ್ 20ರ ಮ್ಯಾಗಜೀನಿನಲ್ಲಿ 15 ತೋಟಾ ಹಿಡಿಯುತ್ತವೆ, ಹಾರಿಸಿದಾಗ ಕೈಗೆ ಬರುವ ಒದೆತವೂ ತಡೆಯುವಷ್ಟೇ. ಬರೀ ಕರಡಿಯಿಂದ ಕಾಪಾಡಿಕೊಳ್ಳುವುದೇ ಉದ್ದೇಶವಾಗಿದ್ದರೆ ಅದು ಒಳ್ಳೆಯ ಆಯ್ಕೆ. ಬೇಟೆಯನ್ನೂ ಅದರಲ್ಲೇ ಮಾಡಬೇಕು ಅಂದಾಗ ರಿವಾಲ್ವರ್ ಮುಂದೆ ಬರುತ್ತದೆ.

ಈಗ ತೋಟಾಗಳ ವಿಷಯ. ಇಲ್ಲಿ ಹೆಸರುಗಳ ಸಂತೆಯೇ ಇದೆ, ಹೊಸಬರು ಗಾಬರಿಯಾಗುವುದು ಸಹಜ. ಆದರೆ ಇವು ಹುಟ್ಟಿದ ಕ್ರಮ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. .45 ಕೋಲ್ಟ್ ಬಂದಿದ್ದು 1870ರ ದಶಕದ ಶುರುವಿನಲ್ಲಿ, ಕರಿಮದ್ದಿನ ಕಾಲದಲ್ಲಿ. ಗುಂಡು ದೊಡ್ಡದು, ಒತ್ತಡ ಕಡಿಮೆ. 1920ರ ದಶಕದಲ್ಲಿ ಎಲ್ಮರ್ ಕೀತ್ ಅನ್ನುವ ರೈತ-ಬೇಟೆಗಾರ ಆ ತೋಟಾಕ್ಕೆ ಜಾಸ್ತಿ ಮದ್ದು ತುಂಬಿ ತುಂಬಿ ಪ್ರಯೋಗ ಮಾಡುತ್ತಿದ್ದ. ಒಂದು ಸಲ ಕೋಲ್ಟಿನ ಸಿಲಿಂಡರೇ ಸಿಡಿದು ಹೋಯಿತು. ಆ ಬಂದೂಕಿನಲ್ಲಿ .45 ರಂಧ್ರ ಕೊರೆದ ಮೇಲೆ ಸಿಲಿಂಡರಿನ ಗೋಡೆ ತೆಳ್ಳಗಾಗಿ ಉಳಿಯುತ್ತಿತ್ತು. ಆಮೇಲೆ ಅವನು ಸ್ವಲ್ಪ ಸಣ್ಣ ರಂಧ್ರದ, ಅಂದರೆ ಗೋಡೆ ಸ್ವಲ್ಪ ದಪ್ಪ ಉಳಿಯುವ .44 ಸ್ಪೆಷಲ್ ಅನ್ನುವ ತೋಟಾ ಹಿಡಿದ. ವರ್ಷಗಟ್ಟಲೆ ಅದಕ್ಕೆ ಗಟ್ಟಿ ಲೋಡು, ಅಂದರೆ ಜಾಸ್ತಿ ಮದ್ದು, ತುಂಬಿ ಬೇಟೆಯಾಡಿದ, ಬರೆದ, ಕಂಪನಿಗಳ ಬೆನ್ನು ಬಿದ್ದ. ಅದರ ಫಲವೇ .44 ಮ್ಯಾಗ್ನಮ್. ಸ್ಮಿತ್ ಆ್ಯಂಡ್ ವೆಸನ್ ಬಂದೂಕು ಮಾಡಿತು, ರೆಮಿಂಗ್ಟನ್ ತೋಟಾ ಮಾಡಿತು, 1955ರ ಕೊನೆಗೆ ಅದು ಹೊರಬಂತು. ಅದಕ್ಕೂ 20 ವರ್ಷ ಮೊದಲು, 1935ರಲ್ಲಿ, .357 ಮ್ಯಾಗ್ನಮ್ ಬಂದಾಗಿತ್ತು.

ಶಕ್ತಿಯ ಅಂದಾಜಿಗೆ ಕೆಲವು ಅಂಕಿ ನೋಡಿ. ಇಲ್ಲಿ ಗುಂಡಿನ ತೂಕವನ್ನು ಗ್ರೇನಿನಲ್ಲಿ ಹೇಳುತ್ತಾರೆ, ಒಂದು ಗ್ರಾಮ್ ಅಂದರೆ ಸುಮಾರು 15.4 ಗ್ರೇನ್. .357 ಮ್ಯಾಗ್ನಮ್ಮಿನ 158 ಗ್ರೇನ್ ಗುಂಡು ಸೆಕೆಂಡಿಗೆ 1,200 ಅಡಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಹೋಗಿ 500 ಅಡಿ-ಪೌಂಡಿನ ಆಸುಪಾಸು ಶಕ್ತಿ ಕೊಡುತ್ತದೆ. .44 ಮ್ಯಾಗ್ನಮ್ಮಿನ 240 ಗ್ರೇನ್ ಗುಂಡು 1,300 ಅಡಿ ವೇಗದಲ್ಲಿ ಸುಮಾರು 900. ಡಿಕ್ ಕಸೂಲ್ ರೂಪಿಸಿದ .454 ಕಸೂಲ್ 300 ಗ್ರೇನ್ ಗುಂಡನ್ನು 1,600 ಅಡಿಗೂ ಮೇಲೆ ತಳ್ಳಿ 1,700 ದಾಟುತ್ತದೆ. 2003ರಲ್ಲಿ ಬಂದ .500 ಸ್ಮಿತ್ ಆ್ಯಂಡ್ ವೆಸನ್ 2,500ರ ಹತ್ತಿರ ಹೋಗುತ್ತದೆ, ಅದು ಹೆಚ್ಚುಕಡಿಮೆ ರೈಫಲ್ ಲೆಕ್ಕ. ಇವುಗಳ ನಡುವೆ .41 ಮ್ಯಾಗ್ನಮ್, .480 ರೂಗರ್, .460 ಸ್ಮಿತ್ ಆ್ಯಂಡ್ ವೆಸನ್ ಎಲ್ಲ ಇವೆ. .41 ಒಳ್ಳೆಯ ತೋಟಾ, ಆದರೆ ಸಣ್ಣ ಊರಿನ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. .480 ನನಗೆ ಇಷ್ಟ, ಯಾಕೆಂದರೆ ಅದು ಅಷ್ಟೊಂದು ಒತ್ತಡ ಇಲ್ಲದೆ ದೊಡ್ಡ ಭಾರದ ಗುಂಡನ್ನು ತಳ್ಳುತ್ತದೆ. ಆದರೆ ಅದಕ್ಕೂ ತೋಟಾ ಹುಡುಕಿಕೊಂಡು ಹೋಗಬೇಕು.

ಒತ್ತಡ ಅಂದೆನಲ್ಲ, ಅದು ತುಂಬ ಮುಖ್ಯ. .45 ಕೋಲ್ಟಿನ ಮಿತಿ ಒಂದು ಚದರ ಇಂಚಿಗೆ 14,000 ಪೌಂಡ್. .44 ಮ್ಯಾಗ್ನಮ್ಮಿಗೆ 36,000. .454 ಕಸೂಲಿಗೆ 65,000. ಇಷ್ಟು ಒತ್ತಡ ತಡೆಯಲು ಸಿಲಿಂಡರ್ ದಪ್ಪ ಇರಬೇಕು, ಹಾಗಾಗಿ ಈ ವರ್ಗದ ಹಲವು ಬಂದೂಕುಗಳಲ್ಲಿ ಆರರ ಬದಲು ಐದೇ ತೋಟಾ. ಐದು ಇಟ್ಟರೆ ಇನ್ನೊಂದು ಲಾಭವೂ ಇದೆ. ಸಿಲಿಂಡರಿನ ಹೊರಮೈಯಲ್ಲಿ ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಆರರ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಆ ಕಚ್ಚು ತೋಟಾ ಕೂರುವ ರಂಧ್ರದ ಮೇಲೇ ಬರುತ್ತದೆ, ಗೋಡೆ ಅಲ್ಲೇ ಅತಿ ತೆಳು. ಐದರಲ್ಲಿ ಅದು ಎರಡು ರಂಧ್ರಗಳ ನಡುವಿನ ದಪ್ಪ ಜಾಗಕ್ಕೆ ಸರಿಯುತ್ತದೆ. ಒಂದು ಎಚ್ಚರಿಕೆ: .45 ಕೋಲ್ಟ್ ಹೆಸರಿನಲ್ಲೇ ಕೆಲವು ಕಂಪನಿಗಳು ಬಹಳ ಗಟ್ಟಿ ಲೋಡು ಮಾರುತ್ತವೆ. ಅವು ರೂಗರ್ ಬ್ಲ್ಯಾಕ್‌ಹಾಕ್, ರೆಡ್‌ಹಾಕ್‌ನಂಥ ದಪ್ಪ ಬಂದೂಕಿಗೆ ಮಾತ್ರ. ಹಳೆಯ ಕೋಲ್ಟಿಗೋ ಅದರ ಇಟಾಲಿಯನ್ ನಕಲಿಗೋ ಹಾಕಿದರೆ ಕೀತನ ಸಿಲಿಂಡರಿಗೆ ಆದ ಗತಿಯೇ ಆಗಬಹುದು. ಡಬ್ಬಿಯ ಮೇಲೆ ಬರೆದಿದ್ದನ್ನು ಪೂರ್ತಿ ಓದಿ.

ಆದರೆ ಪ್ರಾಣಿಯನ್ನು ಕೆಡವುವುದು ಅಡಿ-ಪೌಂಡ್ ಅಲ್ಲ. ಕೈಬಂದೂಕಿನ ವೇಗದಲ್ಲಿ ಗುಂಡು ರೈಫಲ್ ಗುಂಡಿನ ಹಾಗೆ ಸುತ್ತಲಿನ ಮಾಂಸವನ್ನೆಲ್ಲ ಹರಿದುಹಾಕುವುದಿಲ್ಲ. ಅದು ಒಂದು ರಂಧ್ರ ಮಾಡುತ್ತದೆ, ಅಷ್ಟೇ. ಆ ರಂಧ್ರ ಎಷ್ಟು ಅಗಲ, ಎಷ್ಟು ಆಳ, ಎಲ್ಲಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದಕ್ಕೇ ಯಾವ ಬಂದೂಕು ಅನ್ನುವುದಕ್ಕಿಂತ ಯಾವ ಗುಂಡು ಅನ್ನುವ ಪ್ರಶ್ನೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಜಿಂಕೆ ತೆಳು ಪ್ರಾಣಿ. ಪಕ್ಕೆಯಿಂದ ಪಕ್ಕೆಗೆ ಒಂದು ಅಡಿಯೂ ಇರುವುದಿಲ್ಲ. ಅದಕ್ಕೆ ಒಳಗೆ ಹೋಗಿ ಅಣಬೆಯ ಹಾಗೆ ಅರಳುವ ಹಾಲೋ ಪಾಯಿಂಟ್ ಅಥವಾ ಸಾಫ್ಟ್ ಪಾಯಿಂಟ್ ಗುಂಡು ಸರಿ. .44ನಲ್ಲಿ 240 ಗ್ರೇನಿನದು ಧಾರಾಳವಾಗಿ ಸಾಕು. ಕರಡಿಗೆ ಇದೇ ಗುಂಡು ಹಾಕಿದರೆ ತಪ್ಪು. ಗ್ರಿಜ್ಲಿ, ಅಂದರೆ ದೊಡ್ಡ ಕಂದು ಕರಡಿ, ಎದುರಿಗೆ ನುಗ್ಗಿ ಬರುವಾಗ ನಿಮಗೆ ಕಾಣುವುದು ತಲೆ, ಎದೆ, ಭುಜ. ದಪ್ಪ ಕೂದಲು, ಕೊಬ್ಬು, ಸ್ನಾಯು, ಮೂಳೆ ಎಲ್ಲ ದಾಟಿ ಗುಂಡು ಒಳಗೆ ಹೋಗಬೇಕು. ಬೇಗ ಅರಳುವ ಗುಂಡು ಅಲ್ಲೇ ನಿಂತುಬಿಡಬಹುದು. ಅದಕ್ಕೆ ಬೇಕಿರುವುದು ಅರಳದ, ಮೂತಿ ಚಪ್ಪಟೆಯಾದ, ಗಟ್ಟಿ ಎರಕದ ಸೀಸದ ಗುಂಡು, ಇಲ್ಲಿನವರು ಹಾರ್ಡ್‌ಕಾಸ್ಟ್ ಅನ್ನುತ್ತಾರೆ. ಚಪ್ಪಟೆ ಮೂತಿ ನೇರವಾಗಿ ಆಳಕ್ಕೆ ಹೋಗುತ್ತದೆ, ದಾರಿಯಲ್ಲಿ ಒಳ್ಳೆಯ ರಂಧ್ರವನ್ನೂ ಕೊರೆಯುತ್ತದೆ. .44ನಲ್ಲಿ 300 ಗ್ರೇನ್ ಸುತ್ತಮುತ್ತಲಿನ ಇಂಥ ಗುಂಡು ಸಿಗುತ್ತದೆ. ಅಂದರೆ ಬಂದೂಕು ಒಂದೇ ಆದರೂ ಬೇಟೆಗೆ ಒಂದು ಡಬ್ಬಿ, ಕರಡಿ ಕಾಡಿಗೆ ಇನ್ನೊಂದು ಡಬ್ಬಿ. ಗುಂಡು ಬದಲಾದರೆ ಗುರಿ ಬೀಳುವ ಜಾಗವೂ ಬದಲಾಗುತ್ತದೆ. ಭಾರದ ಗುಂಡು ಬಹಳ ಸಲ ಮೇಲೆ ಬೀಳುತ್ತದೆ, ಯಾಕೆಂದರೆ ಅದು ಬ್ಯಾರೆಲ್ ಬಿಡುವ ಹೊತ್ತಿಗೆ ಒದೆತದಿಂದ ಮೂತಿ ಜಾಸ್ತಿ ಎದ್ದಿರುತ್ತದೆ. ಎರಡೂ ಡಬ್ಬಿಯನ್ನು ರೇಂಜಿನಲ್ಲಿ ಹೊಡೆದು ನೋಡಿಕೊಂಡೇ ಕಾಡಿಗೆ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಇನ್ನೊಂದು ಕಟ್ಟು ಇದೆ: 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಬಳಸುವ ಹಾಗೇ ಇಲ್ಲ, ತಾಮ್ರದಂಥ ಸೀಸವಿಲ್ಲದ್ದೇ ಬೇಕು.

ಇನ್ನು ಬ್ಯಾರೆಲ್ ಮತ್ತು ತೂಕ. ಬೇಟೆ ಮತ್ತು ಒಯ್ಯುವಿಕೆ ಜಗಳ ಆಡುವುದು ಇಲ್ಲೇ. ಉದ್ದ ಬ್ಯಾರೆಲಿನಲ್ಲಿ ಮದ್ದು ಪೂರ್ತಿ ಉರಿದು ವೇಗ ಹೆಚ್ಚುತ್ತದೆ. ಮುಂದಿನ ಮತ್ತು ಹಿಂದಿನ ಸೈಟಿನ ನಡುವೆ ಅಂತರ ಜಾಸ್ತಿಯಾಗಿ ಗುರಿ ನೇರವಾಗುತ್ತದೆ, ಮೂತಿ ಭಾರ ಇದ್ದರೆ ಅಲುಗಾಟ ಕಡಿಮೆ, ಒದೆತವೂ ಕಡಿಮೆ. 7.5 ಇಂಚಿನ ರೂಗರ್ ಸೂಪರ್ ರೆಡ್‌ಹಾಕ್ ಬೇಟೆಗೆ ಹೇಳಿ ಮಾಡಿಸಿದ ಬಂದೂಕು. ಅದರ ಚೌಕಟ್ಟಿನ ಮೇಲೇ ಸ್ಕೋಪ್ ಕೂರಿಸಲು ಜಾಗ ಕೊರೆದಿರುತ್ತಾರೆ. ಆದರೆ ಅದು ಒಂದೂವರೆ ಕಿಲೋ. 8 ಇಂಚು ದಾಟಿದ ಬ್ಯಾರೆಲಿನ .500 ಎರಡು ಕಿಲೋ. ಬೆನ್ನಮೇಲೆ ಚೀಲ, ನೀರು, ಟೆಂಟ್ ಹೊತ್ತು ಗುಡ್ಡ ಹತ್ತುವವರು ಎರಡು ಕಿಲೋ ಕಬ್ಬಿಣವನ್ನು ಎಷ್ಟು ದಿನ ಹೊರುತ್ತಾರೆ? ಎರಡನೇ ದಿನಕ್ಕೆ ಅದು ಚೀಲದ ಒಳಗೆ ಹೋಗುತ್ತದೆ. ಚೀಲದ ಒಳಗಿರುವ ಬಂದೂಕು ಕರಡಿ ಬಂದಾಗ ಇಲ್ಲದ ಹಾಗೆಯೇ.

ಹಾಗಾದರೆ ಅತಿ ಹಗುರದ್ದನ್ನು ತಗೊಂಡರೆ? ಸ್ಮಿತ್ ಆ್ಯಂಡ್ ವೆಸನ್ 329 ಪಿಡಿ ಅಂತ ಒಂದಿದೆ. ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟು, ಟೈಟಾನಿಯಂ ಸಿಲಿಂಡರ್, .44 ಮ್ಯಾಗ್ನಮ್ ಆದರೂ ಸುಮಾರು 700 ಗ್ರಾಮ್. ಇಡೀ ದಿನ ಸೊಂಟದಲ್ಲಿದ್ದರೂ ಗೊತ್ತಾಗುವುದಿಲ್ಲ. ಆದರೆ ಒಂದು ಗಟ್ಟಿ ತೋಟಾ ಹಾರಿಸಿದ ಮೇಲೆ ಎರಡನೆಯದು ಹಾರಿಸಲು ಮನಸ್ಸೇ ಬರುವುದಿಲ್ಲ, ಅಷ್ಟು ಒದೆಯುತ್ತದೆ. ಕೈನೋವು ಒಂದೇ ಆಗಿದ್ದರೆ ಹೇಗೋ ತಡೆಯಬಹುದಿತ್ತು. ಬಂದೂಕು ಹಗುರ ಇದ್ದಷ್ಟೂ ಹಿಂದಕ್ಕೆ ಜೋರಾಗಿ ಚಿಮ್ಮುತ್ತದೆ. ಸಿಲಿಂಡರಿನಲ್ಲಿ ಉಳಿದ ತೋಟಾಗಳ ಕೇಸುಗಳೂ ಅದರ ಜೊತೆ ಹಿಂದೆ ಹೋಗುತ್ತವೆ, ಆದರೆ ಒಳಗಿನ ಗುಂಡು ಇದ್ದಲ್ಲೇ ಉಳಿಯಲು ನೋಡುತ್ತದೆ. ಗುಂಡನ್ನು ಹಿಡಿದಿಡುವ ಕೇಸಿನ ಬಾಯಿ ಬಿಗಿಯಾಗಿ ಮಡಚಿಲ್ಲದಿದ್ದರೆ ಗುಂಡು ನಿಧಾನಕ್ಕೆ ಮುಂದೆ ಜಾರಿ ಸಿಲಿಂಡರಿನ ಹೊರಗೆ ಇಣುಕುತ್ತದೆ. ಆಗ ಸಿಲಿಂಡರ್ ತಿರುಗುವುದೇ ಇಲ್ಲ, ಬಂದೂಕು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೈಯಲ್ಲಿ ತಟ್ಟಿ ಸರಿಮಾಡುವಂಥ ತೊಂದರೆ ಅಲ್ಲ ಅದು. ಹಗುರ ಬಂದೂಕು ಕೊಂಡವರು ತಾವು ಬಳಸುವ ತೋಟಾ ಇದಕ್ಕೆ ತಡೆಯುತ್ತದಾ ಅಂತ ಪರೀಕ್ಷೆ ಮಾಡಲೇಬೇಕು. ಐದು ತುಂಬಿ ನಾಲ್ಕು ಹಾರಿಸಿ, ಉಳಿದ ಐದನೆಯದರ ಉದ್ದ ಅಳೆದು ನೋಡಿ. ಮೊದಲಿನ ಉದ್ದಕ್ಕಿಂತ ಜಾಸ್ತಿಯಾಗಿದ್ದರೆ ಆ ತೋಟಾ ಬೇಡ.

ನಡುವಿನ ದಾರಿಯಲ್ಲಿ ಒಳ್ಳೆಯವು ಕೆಲವು ಇವೆ. ಸ್ಮಿತ್ ಆ್ಯಂಡ್ ವೆಸನ್ 629, 4 ಇಂಚಿನದು, ಸುಮಾರು 1.2 ಕಿಲೋ, ಆರು ತೋಟಾ. ಅದೇ ಕಂಪನಿಯ ಮಾಡೆಲ್ 69, ಐದು ತೋಟಾ, ಸ್ವಲ್ಪ ಚಿಕ್ಕದು, ಒಂದು ಕಿಲೋ ಚಿಲ್ಲರೆ. ರೂಗರ್ ರೆಡ್‌ಹಾಕ್ 4.2 ಇಂಚು ಮತ್ತು 5.5 ಇಂಚು, 1.3–1.4 ಕಿಲೋ, ಗಟ್ಟಿ ಬಂದೂಕು. ಒಂದೇ ಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು 5.5 ಇಂಚಿನ ರೆಡ್‌ಹಾಕ್. 629ಕ್ಕಿಂತ ಭಾರ ನಿಜ, ಆದರೆ 300 ಗ್ರೇನಿನ ಲೋಡು ವರ್ಷಗಟ್ಟಲೆ ಹೊಡೆಯಬೇಕು ಅಂದರೆ ಆ ಭಾರವೇ ನಿಮ್ಮನ್ನೂ ಬಂದೂಕನ್ನೂ ಕಾಯುತ್ತದೆ. 2.5 ಇಂಚಿನ ಸೂಪರ್ ರೆಡ್‌ಹಾಕ್ ಅಲಾಸ್ಕನ್ ನೋಡಲು ಆಸೆಯಾಗುತ್ತದೆ. ಕರಡಿಗೆ ಮಾತ್ರ ಅಂದರೆ ಸರಿ, ಅದರಿಂದ ಜಿಂಕೆ ಬೇಟೆ ನಿರೀಕ್ಷಿಸಬೇಡಿ.

ಸಿಂಗಲ್ ಆ್ಯಕ್ಷನ್ನಾ ಡಬಲ್ ಆ್ಯಕ್ಷನ್ನಾ ಅನ್ನುವುದು ಮುಂದಿನ ಪ್ರಶ್ನೆ. ಡಬಲ್ ಆ್ಯಕ್ಷನ್‌ನಲ್ಲಿ ಟ್ರಿಗರ್ ಎಳೆದರೆ ಸಾಕು, ಗುಂಡು ಹಾರುತ್ತದೆ. ಸಿಂಗಲ್ ಆ್ಯಕ್ಷನ್‌ನಲ್ಲಿ ಪ್ರತಿ ಸಲ ಹೆಬ್ಬೆರಳಿನಿಂದ ಹ್ಯಾಮರ್ (ತೋಟಾಕ್ಕೆ ಪೆಟ್ಟು ಕೊಡುವ ಹಿಂದಿನ ಭಾಗ) ಎಳೆಯಬೇಕು, ತೋಟಾವನ್ನು ಪಕ್ಕದ ಬಾಗಿಲಿನಿಂದ ಒಂದೊಂದಾಗಿ ತುಂಬಬೇಕು. ರೂಗರ್ ಸೂಪರ್ ಬ್ಲ್ಯಾಕ್‌ಹಾಕ್, ವಯೋಮಿಂಗಿನ ಫ್ರೀಡಂ ಆರ್ಮ್ಸ್‌ನ ಬಂದೂಕುಗಳೆಲ್ಲ ಈ ಜಾತಿ. ಇವು ಗಟ್ಟಿ, ನಿಖರ. ಒದೆತ ಬಂದಾಗ ಹಿಡಿಕೆ ಅಂಗೈಯಲ್ಲಿ ಸ್ವಲ್ಪ ಉರುಳಿಕೊಳ್ಳುವುದರಿಂದ ಕೆಲವರಿಗೆ ಇದೇ ಹಿತ. ಮರದ ಕೆಳಗೆ ಕೂತು ಕಾದು ಒಂದು ಗುಂಡು ಹೊಡೆಯುವ ಬೇಟೆಗೆ ಏನೂ ಕೊರತೆ ಇಲ್ಲ. ಆದರೆ ಗ್ರಿಜ್ಲಿ ಗಂಟೆಗೆ 50 ಕಿಲೋಮೀಟರಿಗೂ ಮೇಲೆ ಓಡಬಲ್ಲದು. 30 ಮೀಟರ್ ದೂರ ಅದಕ್ಕೆ ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಹ್ಯಾಮರ್ ಎಳೆಯುವುದು ನೆನಪಿರಬೇಕು, ಬಹುಶಃ ಒಂದೇ ಕೈಯಲ್ಲಿ. ಮೈಮೇಲೆ ಒಯ್ಯಲು ನಾನು ಡಬಲ್ ಆ್ಯಕ್ಷನ್ನೇ ಹೇಳುವುದು. ಹಳೆಯ ರೂಗರ್ ಸಿಂಗಲ್ ಆ್ಯಕ್ಷನ್ ಕೈಗೆ ಬಂದರೆ ಒಂದು ವಿಷಯ ನೋಡಿ. 1973ಕ್ಕೆ ಮುಂಚಿನವುಗಳಲ್ಲಿ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ತೋಟಾಕ್ಕೆ ದಾಟಿಸುವ ಪಟ್ಟಿ) ಇರುತ್ತಿರಲಿಲ್ಲ. ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಗುಂಡು ಹಾರುವ ಅಪಾಯ ಇತ್ತು. ಅಂಥದ್ದರಲ್ಲಿ ಹ್ಯಾಮರಿನ ಕೆಳಗಿನ ಜಾಗ ಖಾಲಿ ಬಿಟ್ಟು ಐದೇ ತುಂಬಬೇಕು.

ಒದೆತಕ್ಕೆ ಹೆದರುವುದು ನಾಚಿಕೆಯ ವಿಷಯ ಅಲ್ಲ, ಅದು ಎಲ್ಲರ ದೇಹವೂ ಮಾಡುವ ಕೆಲಸ. ಗುಂಡು ಹಾರುವ ಮುನ್ನವೇ ಕೈ ಬಿಗಿದು ಮೂತಿ ಕೆಳಗೆ ಹೋಗುತ್ತದೆ. ಇದನ್ನು ಕಂಡುಹಿಡಿಯಲು ಸುಲಭ ದಾರಿ ಇದೆ. ಜೊತೆಗಿದ್ದವರು ನಿಮಗೆ ಕಾಣದ ಹಾಗೆ ಒಂದೆರಡು ಡಮ್ಮಿ ತೋಟಾ ಬೆರೆಸಿ ತುಂಬಿ ಕೊಡಲಿ. ಡಮ್ಮಿ ಬಂದಾಗ ಮೂತಿ ಎಷ್ಟು ಕುಣಿಯುತ್ತದೆ ಅಂತ ನಿಮಗೇ ಕಾಣುತ್ತದೆ. ಶುರುವಿಗೆ .44 ಮ್ಯಾಗ್ನಮ್ ಬಂದೂಕಿನಲ್ಲಿ .44 ಸ್ಪೆಷಲ್ ಹೊಡೆಯಿರಿ, .454ನಲ್ಲಿ .45 ಕೋಲ್ಟ್ ಹೊಡೆಯಿರಿ; ಇವು ಅದೇ ರಂಧ್ರದಲ್ಲಿ ಕೂರುವ ಗಿಡ್ಡ, ಮೆತ್ತನೆಯ ತೋಟಾಗಳು. ಗಿಡ್ಡ ತೋಟಾ ಹೊಡೆದ ಮೇಲೆ ರಂಧ್ರದ ಒಳಗೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಉದ್ದ ತೋಟಾ ಸರಿಯಾಗಿ ಕೂರುವುದಿಲ್ಲ. ಕಿವಿಗೆ ಒಳಗೊಂದು ಹೊರಗೊಂದು, ಎರಡು ರಕ್ಷಣೆ ಇರಲಿ. ಎಡಗೈ ಬೆರಳು ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯ ಹತ್ತಿರ ಬರಲೇಬಾರದು. ಅಲ್ಲಿಂದ ಬೆಂಕಿಯಂಥ ಗಾಳಿ ಪಕ್ಕಕ್ಕೆ ಚಿಮ್ಮುತ್ತದೆ, .460, .500ರಂಥ ತೋಟಾದಲ್ಲಿ ಅದು ಬೆರಳನ್ನೇ ಕತ್ತರಿಸಬಲ್ಲದು. ಪಿಸ್ತೂಲಿನ ಹಿಡಿತ ರೂಢಿಯಾದವರು ಇದನ್ನು ಮನಸ್ಸಿನಲ್ಲಿ ಕೊರೆದಿಟ್ಟುಕೊಳ್ಳಬೇಕು.

ಬೇಟೆಯಲ್ಲಿ ಎಷ್ಟು ದೂರ ಹೊಡೆಯಬಹುದು? ಊಟದ ಪೇಪರ್ ತಟ್ಟೆ ನೇತುಹಾಕಿ, ಸುಮಾರು 20 ಸೆಂಟಿಮೀಟರಿನದು. ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಅಷ್ಟೇ ಇರುವುದು. ಬೆಂಚಿನ ಆಸರೆ ಇಲ್ಲದೆ, ಕಾಡಿನಲ್ಲಿ ಕೂರುವ ಹಾಗೆ ಕೂತು, ಪ್ರತಿಯೊಂದು ಗುಂಡೂ ತಟ್ಟೆಗೆ ಬೀಳುವ ದೂರವೇ ನಿಮ್ಮ ಬೇಟೆಯ ದೂರ. ಬಹಳ ಜನರಿಗೆ ಅದು 50 ಗಜದ ಒಳಗೆ ನಿಲ್ಲುತ್ತದೆ. ಬಂದೂಕು 100 ಗಜಕ್ಕೂ ಹೊಡೆಯುತ್ತದೆ, ಆದರೆ ನೀವು ಹೊಡೆಯಬಲ್ಲಿರಾ ಅನ್ನುವುದೇ ಪ್ರಶ್ನೆ. ಗಾಯಗೊಂಡು ಓಡಿಹೋಗಿ ಎಲ್ಲೋ ನರಳಿ ಸಾಯುವ ಪ್ರಾಣಿಯ ಹೊಣೆ ಪೂರ್ತಿ ಟ್ರಿಗರ್ ಎಳೆದವರದ್ದು. ಈ ವಿಷಯದಲ್ಲಿ ನಾನು ರಾಜಿ ಒಪ್ಪುವುದಿಲ್ಲ.

ಒಯ್ಯುವ ರೀತಿಗೆ ಬಂದರೆ, ಸೊಂಟದ ಹೋಲ್‌ಸ್ಟರ್ ಬೆನ್ನುಚೀಲದ ಪಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲಾಸ್ಕಾದ ಮೀನುಗಾರರು, ಗೈಡುಗಳು ಎದೆಗೆ ಅಡ್ಡಲಾಗಿ ಕಟ್ಟುವ ಹೋಲ್‌ಸ್ಟರ್ ಬಳಸುವುದು ಅದಕ್ಕೇ. ಚೀಲ ಹೊತ್ತಿರಲಿ, ನೀರಿನಲ್ಲಿ ನಿಂತಿರಲಿ, ಕೈಗೆ ಸಿಗುತ್ತದೆ. ಜೊತೆಗೆ ಕರಡಿ ಸ್ಪ್ರೇ (ಮೆಣಸಿನ ಖಾರದ ಸ್ಪ್ರೇ) ಇರಲೇಬೇಕು. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತಿತರರು ಅಲಾಸ್ಕಾದ ಘಟನೆಗಳನ್ನು ಒಟ್ಟುಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪ್ರೇ ಕಂದು ಕರಡಿಯನ್ನು 92% ಸಲ ತಡೆದಿತ್ತು. 2012ರ ಬಂದೂಕಿನ ಅಧ್ಯಯನದಲ್ಲಿ ಕೈಬಂದೂಕು 84% ಸಲ ಕೆಲಸ ಮಾಡಿತ್ತು. ಎರಡೂ ಪಟ್ಟಿಯಲ್ಲಿರುವ ಘಟನೆಗಳು ಒಂದೇ ತರದವಲ್ಲ, ಸ್ಪ್ರೇ ಪಟ್ಟಿಯಲ್ಲಿ ಸುಮ್ನೆ ಕುತೂಹಲಕ್ಕೆ ಬಂದ ಕರಡಿಗಳೂ ಇವೆ, ಹಾಗಾಗಿ ಪಕ್ಕಪಕ್ಕ ಇಟ್ಟು ತೂಗಬಾರದು. ಆದರೆ ಎರಡನೇ ಅಧ್ಯಯನದ ಒಂದು ಮಾತು ಗಮನಿಸಬೇಕು: ಬಂದೂಕು ಬಳಸಿದವರಿಗೂ, ಇದ್ದೂ ಬಳಸದವರಿಗೂ ಆದ ಗಾಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಊರಿನಲ್ಲಿ ಆತ್ಮರಕ್ಷಣೆಗೂ ಇದೇ ಆಗುತ್ತದಾ ಅಂತ ಕೇಳುವವರಿದ್ದಾರೆ. ಬೇಡ. ಅಂಗಿಯ ಕೆಳಗೆ ಮುಚ್ಚಿಡಲು ಆಗುವುದಿಲ್ಲ, ಕತ್ತಲಲ್ಲಿ ಬೆಂಕಿ ಕಣ್ಣು ಕುರುಡು ಮಾಡುತ್ತದೆ, ಗುಂಡು ಗೋಡೆ ದಾಟಿ ಪಕ್ಕದ ಮನೆಗೆ ಹೋಗುತ್ತದೆ. ತೀರಾ ಬೇಕೇ ಬೇಕು ಅಂದರೆ .44 ಸ್ಪೆಷಲ್ ಹಾಕಿ, ಅಥವಾ .357 ಬಂದೂಕು ಕೊಂಡು ಅದರಲ್ಲೇ ಹೋಗುವ ಮೆತ್ತನೆಯ .38 ಸ್ಪೆಷಲ್ ತುಂಬಿ.

ಕಾನೂನಿನ ಬಗ್ಗೆ, ಅದರಲ್ಲೂ ಅಮೆರಿಕದಲ್ಲಿರುವ ನಮ್ಮವರಿಗಾಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಫೆಡರಲ್ ಕಾನೂನಿನ ತಡೆ ಇಲ್ಲ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಅಪರಾಧ. ಅದಕ್ಕೆ ಇರುವ ಮುಖ್ಯ ವಿನಾಯಿತಿ ಅಂದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದರ ಅವಧಿ ಮುಗಿದು ಬಂದೂಕು ಮನೆಯಲ್ಲೇ ಉಳಿದರೆ ವೀಸಾಕ್ಕೂ ಕುತ್ತು, ಜೈಲಿನ ಭಯವೂ ಇದೆ. ವಕೀಲರನ್ನು ಕೇಳಿಯೇ ಮುಂದುವರಿಯಿರಿ. ನಿಮ್ಮ ಪರವಾಗಿ ಗೆಳೆಯರು ಕೊಂಡುಕೊಡುವುದು ಪ್ರತ್ಯೇಕ ಅಪರಾಧ. ಊರಿಗೆ ತರುವ ಯೋಚನೆಯಂತೂ ಬಿಡಿ. ಭಾರತದಲ್ಲಿ ಸಾಮಾನ್ಯರಿಗೆ ಪರವಾನಗಿಯಲ್ಲಿ ಹೆಚ್ಚಾಗಿ ಸಿಗುವುದು .32 ರಿವಾಲ್ವರ್, ಬೇಟೆಗೆ 1972ರ ವನ್ಯಜೀವಿ ಕಾಯ್ದೆಯ ತಡೆ ಇದೆ. ಸಿಯಾಟಲಿನಿಂದ ಅಲಾಸ್ಕಾಗೆ ಕಾರಿನಲ್ಲಿ ಹೊರಡುವವರು ಕೆನಡಾ ದಾಟಬೇಕು. ಕೈಬಂದೂಕಿನ ವಿಷಯದಲ್ಲಿ ಆ ದೇಶ ಬಹಳ ಕಟ್ಟುನಿಟ್ಟು, ಡಿಕ್ಕಿಯಲ್ಲಿ ಇಟ್ಟುಕೊಂಡು ಗಡಿಗೆ ಹೋಗಬೇಡಿ. ವಿಮಾನದಲ್ಲಾದರೆ ತೋಟಾ ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಕೌಂಟರಿನಲ್ಲಿ ಹೇಳಿ ಚೆಕ್-ಇನ್ ಮಾಡಬಹುದು. ಕರಡಿ ಸ್ಪ್ರೇ ಮಾತ್ರ ವಿಮಾನದಲ್ಲಿ ಯಾವ ಚೀಲದಲ್ಲೂ ಬಿಡುವುದಿಲ್ಲ, ಇಳಿದ ಮೇಲೆ ಅಲ್ಲೇ ಕೊಳ್ಳಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರವರಿಯಿಂದ ಆಯಾ ರಾಜ್ಯದ ಕಾನೂನಿನ ಪ್ರಕಾರ ಬಂದೂಕು ಒಯ್ಯಬಹುದು, ಆದರೆ ಹಾರಿಸುವುದಕ್ಕೆ ಸಾಮಾನ್ಯವಾಗಿ ನಿಷೇಧ ಇದೆ.

ಅಲಾಸ್ಕಾದಲ್ಲಿ ಜೀವ ಉಳಿಸಿಕೊಳ್ಳಲು ಕರಡಿಯನ್ನು ಕೊಂದರೆ ಕಾನೂನು ಒಪ್ಪುತ್ತದೆ, ಆದರೆ ಬೇರೆ ದಾರಿ ಇರಲಿಲ್ಲ ಅನ್ನುವುದು ಗಟ್ಟಿಯಾಗಿರಬೇಕು. ನೀವೇ ಕೆಣಕಿದ್ದರೆ, ಅಥವಾ ಊಟ, ಕಸ ಬಿಟ್ಟು ಅದನ್ನು ಕರೆಸಿಕೊಂಡಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಕೊಂದ ಮೇಲೆ ಚರ್ಮ ಮತ್ತು ತಲೆಬುರುಡೆಯನ್ನು ಬಿಡಿಸಿ ರಾಜ್ಯಕ್ಕೆ ಒಪ್ಪಿಸಬೇಕು, ಏನಾಯಿತು ಅಂತ ಲಿಖಿತ ವರದಿ ಕೊಡಬೇಕು. ಕಾಡಿನ ನಡುವೆ ಒಂದು ದೊಡ್ಡ ಕರಡಿಯ ಚರ್ಮ ಸುಲಿಯುವುದು ಗಂಟೆಗಟ್ಟಲೆಯ ಕೆಲಸ, ಹಾಗಾಗಿ ಆ ಕಡೆ ಹೋಗುವವರು ರಿವಾಲ್ವರ್ ಜೊತೆ ಒಂದು ಒಳ್ಳೆಯ ಚಾಕುವನ್ನೂ ಇಟ್ಟುಕೊಂಡಿರಬೇಕು.